ಎಡಗಡೆ ಸ್ಪೀಕರಿನ ಹಾಡು

"ನಿಲ್ಸಿ ಗಾಡಿ!"

ತೆಹ್ರಾನಿನ ತಜ್ರೀಶ್ ಚೌಕದ ನಟ್ಟನಡುವೆ ಹಳೇ ಪೈಕಾನ್ ಕಾರಿಗೆ ಅಡ್ಡ ನಿಂತಿದ್ದಳು ಶಕೂಫೆ. ಕೈಯಲ್ಲಿ ಇವತ್ತಷ್ಟೇ ಅಂಗಡಿಗೆ ಬಂದ ಕ್ಯಾಸೆಟ್. ಕಣ್ಣಲ್ಲಿ ಕೆಂಡ!

ಕಾರಿನಲ್ಲಿದ್ದವನು ಅರ್ದಲಾನ್. ಆ ಕ್ಯಾಸೆಟ್ಟಿನ ಹಾಡುಗಳಿಗೆ ರಾಗ ಹಾಕಿ, ಆರು ತಿಂಗಳು ಅವಳ ಜೊತೆ ಹಾಡಿದವನು. ಹಿಂದಿನ ಗಾಡಿಗಳು ಹಾರ್ನ್ ಬಡಿಯುತ್ತಿದ್ದವು.

"ಶಕೂಫೆ ಖಾನುಂ, ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ಮದುವೆಯಾಗದವರು ಒಂದೇ ಕಾರಲ್ಲಾ ಅಂತ ಪೊಲೀಸ್ರು ಕೇಳಿದ್ರೆ ಟ್ಯಾಕ್ಸಿ ಅಂತೀನಿ."

"ಟ್ಯಾಕ್ಸೀನೇ! ಹತ್ತಿಸ್ಕೊಂಡು ಅರ್ಧ ದಾರೀಲಿ ಇಳಿಸಿಬಿಟ್ರಲ್ಲ!" ಬಾಗಿಲು ಧಡ್ ಎಂದಿತು. ಗಾಡಿ ಹೊರಟಿತು.

ಇರಾನಿನಲ್ಲಿ ಹಾಡಿನಲ್ಲಿ ಹೆಣ್ಣಿನ ದನಿ ಒಂಟಿಯಾಗಿ ಕೇಳಿಸುವಂತಿಲ್ಲ. ಮೇಲೊಂದು ಗಂಡು ದನಿ ಹೊದಿಸದಿದ್ದರೆ ಕ್ಯಾಸೆಟ್ ಕೇಳಿ ಮುದ್ರೆ ಒತ್ತುವ ಸರ್ಕಾರಿ ಕಚೇರಿಯವರು ಅನುಮತಿ ಕೊಡುವುದಿಲ್ಲ. ಅದು ಅವಳಿಗೂ ಗೊತ್ತು. ಆದರೆ ಇಷ್ಟು ಹೊದಿಸುವುದಾ? ಬೆಳಿಗ್ಗೆ ಅಮ್ಮ ಟೇಪ್‌ರೆಕಾರ್ಡರಿಗೆ ಕಿವಿ ಆನಿಸಿ, "ನೀನೆಲ್ಲಿದ್ದೀಯೇ ಮಗಳೇ?" ಎಂದಾಗ ಅವಳಿಗೆ ಅಳುವೇ ಬಂದಿತ್ತು.

"ಮಾವ ಲಾಸ್ ಏಂಜಲೀಸಿಂದ ಟಿಕೆಟ್ ಕಳ್ಸಿದಾರೆ. ಶುಕ್ರವಾರ ಹೊರಡ್ತೀನಿ. ಅಲ್ಲಿ ನಮ್ಮ ಹೆಂಗಸರು ಗಂಟಲು ಬಿಟ್ಟು ಹಾಡ್ತಾರೆ!"

ಅವನ ಮುಖ ಕಪ್ಪಿಟ್ಟಿತು. "ಕ್ಯಾಸೆಟ್ ಯಾವುದ್ರಲ್ಲಿ ಕೇಳಿದ್ರಿ?"

"ಅಮ್ಮನ ಹಳೇ ಡಬ್ಬದಲ್ಲಿ. ಒಂದೇ ಸ್ಪೀಕರ್ರು. ಯಾಕೆ, ಈಗ ತಪ್ಪು ಅಮ್ಮಂದಾ?"

"ಕಚೇರೀಲೂ ಅಂಥದ್ದೇ ಇರೋದು." ಕ್ಯಾಸೆಟ್ ಕಾರಿನ ಟೇಪಿಗೆ ತೂರಿಸಿ, ಎಡ-ಬಲ ಸ್ಪೀಕರುಗಳ ದನಿ ಹಂಚುವ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ.

ಅವನ ದನಿ ಮಾಯ!

ಉಳಿದದ್ದು ಅವಳದೊಂದೇ. ಅವಳು ಉಸಿರೆಳೆದುಕೊಂಡದ್ದೂ ಸಮೇತ...

"ನಿಮ್ಮದೆಲ್ಲ ಎಡ ಸ್ಪೀಕರಿಗೆ, ನನ್ನದೆಲ್ಲ ಬಲಕ್ಕೆ. ಒಂದೇ ಸ್ಪೀಕರಲ್ಲಿ ಎರಡೂ ಬೆರೆತು, ನನ್ನ ಅಬ್ಬರದಲ್ಲಿ ನೀವು ಮುಚ್ಚಿಹೋಗ್ತೀರ. ಮೂರು ಸಲ ವಾಪಸ್ ಕಳ್ಸಿದ್ರು. ನಾಲ್ಕನೇ ಸಲ ಮುದ್ರೆ ಒತ್ತಿದ್ರು."

"ನನಗೊಂದು ಮಾತು ಹೇಳೋಕೇನಾಗಿತ್ತು?"

"ಸಿಕ್ಕಿಬಿದ್ರೆ ನಾನೊಬ್ನೇ ಬೀಳ್ಲಿ ಅಂತ..."

ಅವಳ ಕೋಪ ಜರ್ರನೆ ಇಳಿಯಿತು. ಅಯ್ಯೋ, ಸಿಕ್ಕಿಬಿದ್ದಿದ್ದರೆ? ಇವನು ಮತ್ತೆಂದೂ ಹಾಡುವ ಹಾಗೇ ಇರಲಿಲ್ಲ!

ಅರ್ದಲಾನ್ ಹಿಂದೆ ತಿರುಗಲಿಲ್ಲ. ಕನ್ನಡಿಯಲ್ಲೇ ಅವಳನ್ನು ನೋಡಿದ.

"ಶಕೂಫೆ, ನಿನ್ನ ಪ್ರೀತಿಸ್ತೀನಿ. ಆದ್ರೆ ಹೋಗ್ಬೇಡ ಅನ್ನಲ್ಲ. ಅಲ್ಲಿ ನಿನ್ನ ದನಿ ಹೀಗೆ ಬಚ್ಚಿಡ್ಬೇಕಾಗಿಲ್ಲ."

"ಅಲ್ಲಿ ಎಲ್ಲಾ ಸಿಗುತ್ತೆ. ಇಂಥ ಕಳ್ಳ ಸಿಗ್ತಾನಾ?" ಅವಳು ಕಣ್ಣೊರೆಸಿಕೊಂಡಳು. "ಮನೆ ಕಡೆ ತಿರುಗ್ಸು. ಅಮ್ಮನ್ನ ಈ ಕಾರಲ್ಲಿ ಕೂರಿಸಿ ನನ್ನ ಹಾಡು ಕೇಳಿಸು."

"ಆಮೇಲೆ?"

"ಆಮೇಲೆ... ಶುಕ್ರವಾರ ಹೂವು, ಸಿಹಿ ತಂದು ಅಮ್ಮನ ಹತ್ರ ಹೆಣ್ಣು ಕೇಳು."