ನಲವತ್ತೊಂದನೇ ಟ್ಯೂಬ್

ಮಾರ್ಚ್ 14, ಬೆಳಿಗ್ಗೆ 9.40. ಠಾಣೆಗೆ ಬಂದ ದೂರುದಾರ ಹಡಗಿನಲ್ಲಿ ಅಡುಗೆಯವನು. ಅವನ ತಾಯಿ ಎರಡು ದಿನದ ಹಿಂದೆ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಸೋಂಕು ತಗುಲಿ ತೀರಿಕೊಂಡಿದ್ದಳು. ಅದೇ ವಾರ್ಡಿನಲ್ಲಿ ಇನ್ನಿಬ್ಬರು ಸತ್ತಿದ್ದರು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಅನುಮಾನ ಏನ್ ಬಂತು ಸಾರ್, ಅಲ್ಲಿನ ಆಯಾನೇ. ಮೂರನೇ ತಾರೀಕು ಸಿಬ್ಬಂದಿಗೆಲ್ಲ ಪರೀಕ್ಷೆ ಮಾಡಿದಾಗ ಅವಳೊಬ್ಬಳಿಗೇ ಪಾಸಿಟಿವ್. ಜ್ವರ ಮುಚ್ಚಿಟ್ಟು ವಾರ್ಡಲ್ಲಿ ಓಡಾಡಿದ್ದಾಳೆ."

10.15ಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದವರು ಹೆಡ್ ಕಾನ್‌ಸ್ಟೇಬಲ್. ಕೈಗಡಿಯಾರ ಕಟ್ಟಿದ್ದರೂ ಗೋಡೆ ಗಡಿಯಾರ ನೋಡಿಯೇ ಸಮಯ ಬರೆಯುವ ಅವರಿಗೆ ಠಾಣೆಯಲ್ಲಿ ಅನುಮಾನಪ್ಪ ಎಂದೇ ಹೆಸರು.

ಮಧ್ಯಾಹ್ನ ಇಬ್ಬರೂ ಆಯಾಳ ಮನೆಗೆ ಹೋದರು. ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಬಾಗಿಲ ಮೇಲೆ ಯಾರೋ ಇದ್ದಿಲಿನಲ್ಲಿ 'ಕೊಲೆಗಾತಿ' ಎಂದು ಗೀಚಿದ್ದರು. ಅವಳು ಒರೆಸಿ ಒರೆಸಿ ಬಣ್ಣ ಹೋಗಿತ್ತು, ಅಕ್ಷರ ಹೋಗಿರಲಿಲ್ಲ.

"ಒಂದು ಸೀನೂ ಬರ್ಲಿಲ್ಲ ಸಾರ್ ನಂಗೆ. ನಮ್ ಯಜಮಾನ್ರು ಉಬ್ಬಸದವರು, ಇದೇ ಕೋಣೇಲಿ ಮಲಗ್ತಾರೆ. ಅವರಿಗೂ ಏನೂ ಆಗ್ಲಿಲ್ಲ. ಜೈಲಿಗೆ ಬೇಕಾದ್ರೂ ಹಾಕಿ. ಆದ್ರೆ ಬಾಗಿಲ ಮೇಲೆ ಬರೆದಿರೋದು ನಿಜಾನಾ ಅಂತ ನೋಡಿ ಹೇಳಿ. ನಂಗೇ ಭಯ ಆಗ್ತಿದೆ."

ಇನ್‌ಸ್ಪೆಕ್ಟರ್ ಬಾಗಿಲ ಮೇಲಿನ ಅಕ್ಷರದ ಫೋಟೋ ತೆಗೆದುಕೊಂಡರು. ಗೊತ್ತಿಲ್ಲದ್ದಕ್ಕೆ ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಪಾಸಿಟಿವ್ ಬಂದ ಟ್ಯೂಬ್‌ಗಳನ್ನು ಎಸೆಯುತ್ತಾರೆಂದು ಆಸ್ಪತ್ರೆಯಲ್ಲಿ ಎಲ್ಲರೂ ತಿಳಿದಿದ್ದರು. ನಿಜವಾಗಿ ಅವು ಜೀನೋಮ್ ಪ್ರಯೋಗಾಲಯದ ಫ್ರೀಜರ್ ಸೇರುತ್ತಿದ್ದವು. ಮಾರ್ಚ್ 21, ಸಂಜೆ 4ಕ್ಕೆ ಅಲ್ಲಿನ ವಿಜ್ಞಾನಿ, ಕನ್ನಡಕವನ್ನು ತಲೆಗೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದ ಹೆಂಗಸು, ವರದಿ ಬಿಡಿಸಿಟ್ಟರು.

"ವೈರಸ್ ತನ್ನನ್ನೇ ನಕಲು ಮಾಡ್ಕೊಳ್ಳುವಾಗ ಆಗೊಮ್ಮೆ ಈಗೊಮ್ಮೆ ಒಂದು ತಪ್ಪು ಮಾಡುತ್ತೆ. ಆ ತಪ್ಪು ಮುಂದಿನವರಿಗೂ ಹೋಗುತ್ತೆ."

"ನಮ್ಮ ಠಾಣೆ ರೈಟರ್ ಮಾಡಿದ ತಪ್ಪು ಕೋರ್ಟಿನ ತನಕ ಹೋದ ಹಾಗೆ," ಎಂದರು ಅನುಮಾನಪ್ಪ.

"ಹಾಗೇ. ಇದು ಹೊಸ ತಳಿ, ಊರಲ್ಲಿ ಬೇರೆಲ್ಲೂ ಇಲ್ಲ. ಆಯಾ ಹೆಸರಿನ ನಲವತ್ತೊಂದನೇ ಟ್ಯೂಬಿನಲ್ಲಿರೋ ತಪ್ಪುಗಳೆಲ್ಲ ವಾರ್ಡಿನ ರೋಗಿಗಳಲ್ಲೂ ಇವೆ. ಅದಕ್ಕಿಂತ ಒಂದೇ ಒಂದು ತಪ್ಪು ಕಡಿಮೆ ಇರೋದು ಫೆಬ್ರವರಿ 26ಕ್ಕೆ ಬಂದರಿನಲ್ಲಿ ತೆಗೆದ ಮಾದರಿ. ಯಾರೋ ಹಡಗಿನ ಅಡುಗೆಯವರದು. ಅಂದ್ರೆ ವಾರ್ಡಿನ ಸೋಂಕು ಅಲ್ಲಿಂದ ಬಂದದ್ದು."

ಅನುಮಾನಪ್ಪನವರ ಪೆನ್ನು ನಿಂತಿತು. ದೂರು ಕೊಟ್ಟವನೇ!

"ಆಯಾ ಅವನ ಮುಖವನ್ನೇ ನೋಡಿಲ್ಲ," ಎಂದರು ಇನ್‌ಸ್ಪೆಕ್ಟರ್.

"ನೋಡಿರಬೇಕಿಲ್ಲ. ಮೂಗಿನ ಕಡ್ಡಿಗೆ ವೈರಸ್ ಜೊತೆ ಆ ಮನುಷ್ಯನ ಜೀವಕೋಶಗಳೂ ಅಂಟಿರ್ತವೆ. ನಲವತ್ತೊಂದನೇ ಟ್ಯೂಬಿನಲ್ಲಿರೋದು ಗಂಡಸಿನವು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ ಸಾರ್!" ಎಂದರು ಅನುಮಾನಪ್ಪ.

ಮರುದಿನ 11.20ಕ್ಕೆ ಪಂಚರ ಎದುರು ಆಸ್ಪತ್ರೆಯ ಪರೀಕ್ಷಾ ರಿಜಿಸ್ಟರ್ ವಶಪಡಿಸಿಕೊಂಡು ಪಂಚನಾಮೆ ಬರೆದರು. ನೆಲ ಒರೆಸಿ ಮುಗಿಸಿ ಬರಬೇಕಾದ್ದರಿಂದ ಆಯಾ ಯಾವಾಗಲೂ ಸಾಲಿನ ಕೊನೆಗೆ, ಸಂಖ್ಯೆ 41. ಅವಳ ನಂತರ 42, ಮೂಗಿನ ಮಾದರಿ ತೆಗೆಯುವ ಟೆಕ್ನಿಷಿಯನ್. ಎಲ್ಲರ ಮೂಗಿಗೆ ಕಡ್ಡಿ ಹಾಕುವವನಿಗೆ ಹಾಕಲು ಯಾರೂ ಉಳಿಯುತ್ತಿರಲಿಲ್ಲ. ತನ್ನದನ್ನು ತಾನೇ ತೆಗೆದುಕೊಳ್ಳುತ್ತಿದ್ದ. 42, ನೆಗೆಟಿವ್. ಅವನ ಮನೆ ವಿಳಾಸ ಎಫ್‌ಐಆರ್‌ನಲ್ಲಿದ್ದ ವಿಳಾಸವೇ. ದೂರುದಾರನ ಒಡಹುಟ್ಟಿದ ತಮ್ಮ.

ಮಾರ್ಚ್ 24ಕ್ಕೆ ಟ್ಯೂಬಿನಲ್ಲಿದ್ದ ಜೀವಕೋಶ ತಮ್ಮನ ರಕ್ತದ ಮಾದರಿಗೆ ತಾಳೆಯಾಯಿತು. ಮಧ್ಯಾಹ್ನ 3.10ಕ್ಕೆ ವಿಚಾರಣೆ.

"ಟ್ಯೂಬಿನ ಹೆಸರಿನ ಚೀಟಿ ಬದಲಾಯಿಸಿದ್ದು ಯಾಕೆ?"

"ಗಂಟಲು ಕೆರೀತಿತ್ತು ಸಾರ್. ಪಾಸಿಟಿವ್ ಬಂದ್ರೆ ವಾರ್ಡಿಗೆ ಬಿಡ್ತಿರ್ಲಿಲ್ಲ. ಅಮ್ಮನಿಗೆ ಮರೆವು. ನಾನು ಕುಡಿಸದಿದ್ರೆ ಒಂದು ಗುಟುಕು ನೀರೂ ಕುಡೀತಿರ್ಲಿಲ್ಲ."

"ಮಾಸ್ಕ್?"

"ಬೇರೆಯವರ ಹತ್ರ ಎರಡೆರಡು ಹಾಕ್ಕೋತಿದ್ದೆ. ಆದ್ರೂ ಅವರಿಗೂ ಹರಡ್ತು." ಜೇಬಿನಲ್ಲಿದ್ದ ಮಾಸ್ಕ್ ತೆಗೆದು ಮೇಜಿನ ಮೇಲಿಟ್ಟ. "ಅಮ್ಮ ಮಾಸ್ಕಲ್ಲಿ ಗುರುತು ಹಿಡೀತಿರ್ಲಿಲ್ಲ ಸಾರ್. ಯಾರೋ ಕಳ್ಳ ಅಂತ ಕಿರುಚೋಳು. ಅವಳ ಮುಂದೆ ಮಾತ್ರ ತೆಗೀತಿದ್ದೆ."

ಅನುಮಾನಪ್ಪ ಅದನ್ನು ಹೇಳಿದ ಹಾಗೇ ಬರೆದುಕೊಂಡರು. ಬಂಧನದ ನಮೂನೆಯಲ್ಲಿ ಇನ್ನೊಂದು ಕಾಲಂ ಬಾಕಿಯಿತ್ತು.

"ಬಂಧನದ ಸುದ್ದಿ ಯಾರಿಗೆ ತಿಳಿಸಬೇಕು?"

"ಅಣ್ಣನಿಗೆ."

ಅಣ್ಣ ಹೊರಗೆ ಬೆಂಚಿನ ಮೇಲೆಯೇ ಕೂತಿದ್ದ, ಆಯಾಳನ್ನು ಯಾವಾಗ ಹಿಡಿಯುತ್ತೀರಿ ಎಂದು ಕೇಳಲು ಬಂದಿದ್ದ. ಇನ್‌ಸ್ಪೆಕ್ಟರ್ ನಿಂತೇ ಎಲ್ಲ ಹೇಳಿದರು. ಅವನು ಬೆಂಚಿನಿಂದ ಎದ್ದ.

"ನಂಗೆ ಪಾಸಿಟಿವ್ ಅಂತ ಗೊತ್ತಾದ ಮೇಲೆ ಹತ್ತು ದಿನ ಕೋಣೆ ಬಿಟ್ಟು ಬರ್ಲಿಲ್ಲ ಸಾರ್. ಅಮ್ಮನಿಗೆ ತಗಲ್ಬಾರ್ದು ಅಂತ ಅವಳ ಮುಖಾನೂ ನೋಡಿಲ್ಲ. ಹಡಗಿಂದ ಬಂದ ದಿನ ತಮ್ಮನೂ ನಾನೂ ಒಟ್ಟಿಗೆ ಊಟ ಮಾಡಿದ್ವಿ. ಜೊತೇಲಿ ಯಾರಿದ್ರು ಅಂತ ಆರೋಗ್ಯದವರು ಫೋನಲ್ಲಿ ಕೇಳಿದ್ರು. ಹೇಳ್ಬೇಡ, ಅಮ್ಮನ ಹತ್ರ ಬಿಡಲ್ಲ ಅಂದ. ಯಾರೂ ಇರ್ಲಿಲ್ಲ ಅಂದ್ಬಿಟ್ಟೆ."

ಅವನು ನಮೂನೆಗೆ ಸಹಿ ಹಾಕಿ, ಆಯಾಳ ಮನೆ ಎಲ್ಲಿ ಎಂದು ಕೇಳಿದ.