ಹಸಿರು ಬಟನ್ ಒತ್ತಿ ಹಿಡಿಯಿರಿ

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಕೀಬೋರ್ಡಿನಲ್ಲಿ ಡಿಲೀಟ್ ಕೀ ಒಂದೇ ಉಳಿಯಲಿ. ಸಾಕ್ಷಿ ಬೇಕಾದರೆ ಕಿಟಕಿ ಪಕ್ಕ ಬಟಾಣಿ ಸುಲಿಯುತ್ತಿದ್ದಾಳಲ್ಲ, ನಿನ್ನ ಚಿಕ್ಕಮ್ಮ, ಅವಳನ್ನೇ ಕೇಳು. ಕೇಳದಿದ್ದರೆ ಇನ್ನೂ ಒಳ್ಳೆಯದು.

ಪುಟ್ಟಿ, ನೀನು ನನ್ನ ಅಣ್ಣನ ಮಗಳು ಅಂತ ಫ್ರೀಯಾಗಿ ಹೇಳುತ್ತಿದ್ದೇನೆ. ಫ್ರೀಲಾನ್ಸ್ ಟೆಕ್ನಿಕಲ್ ರೈಟಿಂಗ್ ಶುರು ಮಾಡುವುದು ಹೇಗೆ ಎಂದು ಕೇಳಿದೆಯಲ್ಲ. ನನಗೆ ಗೊತ್ತಿರುವ ದಾರಿ ಒಂದೇ. ಪ್ರೀತಿಯಲ್ಲಿ ಬೀಳಬೇಕು.

ಆಗ ನಾನು ಕಾಲೇಜು ಲ್ಯಾಬಿನ ಕೆಲಸ ಬಿಟ್ಟಿದ್ದೆ. ಯಂತ್ರಗಳ ಬಗ್ಗೆ ಎಲ್ಲರಿಗೂ ಅರ್ಥವಾಗುವಂತೆ ಬರೆದು ಬದುಕುತ್ತೇನೆ ಎಂದು ಮನೆಯಲ್ಲಿ ಘೋಷಿಸಿಯೂ ಆಗಿತ್ತು. ಯಾವ ಕಂಪನಿಗೆ ಹೋದರೂ ಸ್ಯಾಂಪಲ್ ತೋರಿಸಿ ಎನ್ನುತ್ತಿದ್ದರು. ಕೆಲಸವೇ ಸಿಗದೆ ಸ್ಯಾಂಪಲ್ ಎಲ್ಲಿಂದ ಬರಬೇಕು? ಯಾರೂ ಕೇಳದಿದ್ದರೂ ಮನೆಯಲ್ಲಿದ್ದದ್ದಕ್ಕೆಲ್ಲ ಮ್ಯಾನುಯಲ್ ಬರೆದೆ. ಇಸ್ತ್ರಿಪೆಟ್ಟಿಗೆಗೆ, ಕೀಲು ಸಡಿಲವಾದ ಗೇಟಿಗೆ, ಅಪ್ಪನ ಕೋಪಕ್ಕೆ. ಕೊನೆಯದನ್ನು ಓದಿ ನಕ್ಕ ಮ್ಯಾನೇಜರೊಬ್ಬರು ಕರೆಸಿದರು. ಬೇಕರಿಗಳಿಗೆ ಹಿಟ್ಟು ನಾದುವ ಮಷೀನು ತಯಾರಿಸುವ ಕಂಪನಿ.

“ನಮ್ಮಲ್ಲೊಂದು ಪದ್ಧತಿ ಇದೆ,” ಎಂದರು. “ಮಷೀನು ಮುಟ್ಟೇ ಇಲ್ಲದೋರು ನೀವು ಬರೆದಿದ್ದು ಓದ್ಕೊಂಡು ನಡೆಸ್ತಾರೆ. ಬರೆದಷ್ಟೇ ಮಾಡ್ತಾರೆ, ಕೂದಲೆಳೆಯಷ್ಟೂ ಹೆಚ್ಚಿಗೆ ಮಾಡಲ್ಲ. ನೀವು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತಿರ್ಬೇಕು. ಪಾಸಾದ್ರೆ ಈ ವರ್ಷದ ಎಲ್ಲಾ ಮ್ಯಾನುಯಲ್ ನಿಮ್ಮದು. ಇಲ್ಲಾಂದ್ರೆ ಬಂದ ದಾರಿ ಗೊತ್ತಲ್ಲ.”

ಮಷೀನು ನೋಡಿ ಬರೆದುಕೊಟ್ಟೆ. ಅದನ್ನು ಓದಿ ನಡೆಸಲು ಮೇಲಿನ ಮಹಡಿಯ ಅಕೌಂಟ್ಸ್ ವಿಭಾಗದಿಂದ ಇಳಿದು ಬಂದರು ಅವರು. ಕಂಪನಿಯವರೆಲ್ಲ ಕರೆಯುತ್ತಿದ್ದದ್ದು ಲೆಕ್ಕದ ಮೇಡಂ ಎಂದು. ಕಿವಿಯ ಹಿಂದೆ ಪೆನ್ಸಿಲ್. ತಾಳೆಯಾಗದ ಬಿಲ್ಲನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆ ನೋಟಕ್ಕೆ ಪುಟ್ಟಿ, ಕಾರಿಡಾರಿನ ಲೈಟುಗಳೆಲ್ಲ ತಾವಾಗಿಯೇ ಹೊತ್ತಿಕೊಂಡವು.

“ಅದು ಸೆನ್ಸರ್ ಲೈಟು,” ಎನ್ನುತ್ತಿದ್ದಾಳೆ ನೋಡು ಕಿಟಕಿ ಪಕ್ಕದಿಂದ. ಇರಲಿ.

‘ಮುಚ್ಚಳ ತೆಗೆಯಿರಿ’ ಎಂದು ಬರೆದಿದ್ದೆ. ತೆಗೆದರು. ಕೆಳಗಿಡಿ ಎಂದು ಬರೆದಿರಲಿಲ್ಲ. ಹಾಗಾಗಿ ಮುಂದಿನದೆಲ್ಲ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆಯಿತು. ಹಿಟ್ಟು ಸುರಿಯುವಾಗ ಹಣೆಯ ಮೇಲೆ ಬಿಳಿಯ ಗೆರೆಯೊಂದು ಬಿತ್ತು. ಒರೆಸಿಕೊಳ್ಳಲಿಲ್ಲ. ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿ, ತುಟಿಯ ಒಂದು ತುದಿಯನ್ನು ಮಾತ್ರ ನಗಲು ಬಿಟ್ಟು, ಮತ್ತೆ ಹಾಳೆಗೆ ಕಣ್ಣಿಳಿಸಿದರು.

‘ಹಸಿರು ಬಟನ್ ಒತ್ತಿ ಹಿಡಿಯಿರಿ.’ ಹಿಡಿದರು. ಬಿಡಿ ಎಂದು ಯಾವ ಪುಣ್ಯಾತ್ಮನೂ ಬರೆದಿರಲಿಲ್ಲ.

ಮಷೀನು ನಾದಿತು. ನಾದುತ್ತಲೇ ಹೋಯಿತು. ಹಿಟ್ಟು ಉಬ್ಬಿ ಬೌಲಿನಿಂದ ಇಣುಕಿತು, ಟೇಬಲ್ಲಿನಿಂದ ಇಳಿಯಿತು, ಕಾರಿಡಾರಿನಲ್ಲಿ ಎಡಕ್ಕೆ ತಿರುಗಿ ಲಿಫ್ಟಿಗೆ ಕಾಯುತ್ತ ನಿಂತಿತು. ಸ್ಟೋರ್ಸಿನವರೊಬ್ಬರು ಅದಕ್ಕೆ ದಾರಿ ಬಿಟ್ಟು ನಮಸ್ಕಾರ ಹೇಳಿದರು. ಲೆಕ್ಕದ ಮೇಡಂ ಬೆರಳು ಅಲ್ಲಾಡಲಿಲ್ಲ. ನಾನು ಬಾಯಿ ಬಿಡುವ ಹಾಗಿಲ್ಲ. ಕಣ್ಣಲ್ಲೇ ಬೇಡಿಕೊಂಡೆ. ಅವರು ಕಣ್ಣಲ್ಲೇ ಕೇಳಿದರು, ಎಲ್ಲಿ ಬರೆದಿದೆ? ಕೆಲಸ ಕೈತಪ್ಪುತ್ತಿದೆ ಎಂದು ಗೊತ್ತಿದ್ದೂ, ಇವರು ಹೀಗೇ ನೋಡುತ್ತಿದ್ದರೆ ಸಾಕು ಎಂದು ಹಾರೈಸಿದ ಮಹಾನುಭಾವ ನಾನು.

ಕೊನೆಗೆ ಮ್ಯಾನೇಜರ್ ಪ್ಲಗ್ ಕಿತ್ತರು. “ಹೊರಡಿ ನೀವು,” ಎಂದರು ನನಗೆ.

“ಸರ್, ಒಂದ್ನಿಮಿಷ,” ಎಂದರು ಲೆಕ್ಕದ ಮೇಡಂ. “ಇವರು ಬರೆದಿರೋದೆಲ್ಲ ಅರ್ಥ ಆಯ್ತು. ಎರಡು ಸಾಲು ಬಿಟ್ಟಿದ್ದಾರೆ, ಅಷ್ಟೆ. ಹೋದ ಸಲದ ಮಷೀನಿಗೆ ಬರೆದೋರದ್ದು ಒಂದು ಸಾಲೂ ತಲೆಗೆ ಹೋಗಿರ್ಲಿಲ್ಲ. ಬಿಟ್ಟಿದ್ದನ್ನ ಸೇರಿಸ್ಬಹುದು. ಅರ್ಥ ಆಗದೇ ಇರೋದನ್ನ ಏನ್ ಮಾಡ್ತೀರ?”

ಮ್ಯಾನೇಜರ್ ಕೈಗಂಟಿದ ಹಿಟ್ಟು ಬಿಡಿಸಿಕೊಳ್ಳುತ್ತ ಯೋಚಿಸಿದರು. “ನಾಳೆ ಇನ್ನೊಂದ್ಸಲ. ಮೇಡಂ, ನೀವು ಈಗಾಗ್ಲೇ ಮಷೀನು ನೋಡ್ಬಿಟ್ರಿ, ನಾನೇ ನಡೆಸ್ತೀನಿ.” ಅಷ್ಟು ವರ್ಷ ಮಷೀನು ಮಾರಿದ್ದರೂ ಅವರು ಒಂದನ್ನೂ ನಡೆಸಿ ನೋಡಿರಲಿಲ್ಲ.

ಸಂಜೆ ಕ್ಯಾಂಟೀನಿನಲ್ಲಿ ಲೆಕ್ಕದ ಮೇಡಂ ನನ್ನೆದುರು ಕೂತರು. ನಾನು ಬರೆಯುವುದು, ಅವರು ಟೀ ಕಪ್ಪನ್ನೇ ಮಷೀನೆಂದುಕೊಂಡು ಮಾಡಿ ತೋರಿಸುವುದು.

“ಒಂದು ಸಾಲಿಗೆ ಒಂದೇ ಕೆಲಸ ಹೇಳಿ. ಮಾಡಿದ್ಮೇಲೆ ಏನಾಗುತ್ತೆ ಅಂತಾನೂ ಹೇಳಿ. ಇಲ್ಲಾಂದ್ರೆ ಪಾಪ, ಓದೋರು ಸರಿ ಮಾಡಿದ್ನೋ ತಪ್ಪು ಮಾಡಿದ್ನೋ ಅಂತ ಒದ್ದಾಡ್ತಾರೆ.”

“ನೀವು ಒದ್ದಾಡಿದ ಹಾಗೆ ಕಾಣ್ಲಿಲ್ಲ.”

“ನಾನ್ಯಾಕೆ ಒದ್ದಾಡ್ಲಿ? ಬೆವರ್ತಾ ಇದ್ದೋರು ನೀವು.”

“ಬೆರಳು ನೋಯ್ಲಿಲ್ವಾ?”

“ನೋಯ್ತು,” ಎಂದು ಕಪ್ಪಿನೊಳಗೆ ನೋಡಿದರು. “ನಿಮ್ಮ ಮುಖ ನೋಡೋಕೆ ಚೆನ್ನಾಗಿತ್ತು. ಬಿಡೋಕೆ ಮನಸ್ಸಾಗ್ಲಿಲ್ಲ.”

ಅಂದು ನಾನು ಮನೆಗೆ ನಡೆದು ಹೋಗಲಿಲ್ಲ. ಚಪ್ಪಲಿಗೂ ಫುಟ್‌ಪಾತಿಗೂ ನಡುವೆ ಒಂದು ಗೇಣು ಜಾಗವಿತ್ತು. ಸೈಕಲ್ಲಿನವರೊಬ್ಬರು, ಸ್ವಲ್ಪ ಕೆಳಗೆ ಬನ್ನಿ ಸ್ವಾಮಿ, ಎಂದು ಬೆಲ್ ಹೊಡೆದರು.

ಮರುದಿನ ಮ್ಯಾನೇಜರ್ ಹಾಳೆ ನೋಡಿಕೊಂಡು ಮುಚ್ಚಳ ತೆಗೆದು, ಕೆಳಗಿಟ್ಟು, ಬಟನ್ ಒತ್ತಿ, ಬಿಟ್ಟು, ಮಗುವಿನ ಕೆನ್ನೆಯಂಥ ಹಿಟ್ಟಿನ ಉಂಡೆಯನ್ನು ಎರಡೂ ಕೈಯಲ್ಲಿ ಎತ್ತಿದರು. “ನಾನೇ ಮಾಡಿದ್ದು,” ಎಂದು ಕಂಡಕಂಡವರಿಗೆಲ್ಲ ತೋರಿಸಿದರು. ಕೆಲಸ ನನ್ನದಾಯಿತು.

ಮೆಟ್ಟಿಲು ಹಾರಿಕೊಂಡು ಅಕೌಂಟ್ಸಿಗೆ ಓಡಿದೆ. ಅವರ ಟೇಬಲ್ಲಿನ ಮುಂದೆ ನಿಂತಾಗ, ಬರೆದು ಬದುಕಲು ಹೊರಟವನ ಬಾಯಲ್ಲಿ ಒಂದು ವಾಕ್ಯವೂ ಹುಟ್ಟಲಿಲ್ಲ.

“ಪಾಸಾಯ್ತಾ?”

“ಆಯ್ತು. ಹೇಳೋಕೆ ಬಂದಿದ್ದು ಅದಲ್ಲ.”

“ಮತ್ತೆ? ಯಾರು ಮಾಡ್ಬೇಕು, ಏನ್ ಮಾಡ್ಬೇಕು, ಮಾಡಿದ್ಮೇಲೆ ಏನಾಗುತ್ತೆ. ಹೇಳಿ.”

“ನೀವು. ನನ್ನ ಮದ್ವೆ ಆಗ್ಬೇಕು. ಆದ್ಮೇಲೆ ಏನಾಗುತ್ತೋ ನಂಗೊತ್ತಿಲ್ಲ.”

ಆ ಕೋಣೆಯ ಕ್ಯಾಲ್ಕುಲೇಟರುಗಳೆಲ್ಲ ತಮ್ಮಷ್ಟಕ್ಕೆ ಸೊನ್ನೆಗೆ ಬಂದವು. ಅವರು ಟೇಬಲ್ ಮೇಲೆ ಏನನ್ನೋ ಹುಡುಕಿದರು. ಹುಡುಕುವಂಥದ್ದು ಅಲ್ಲೇನೂ ಇರಲಿಲ್ಲ. ಕಿವಿ ಕೆಂಪಗಾಗಿತ್ತು.

“ಗೊತ್ತಿಲ್ಲ ಅಂತ ಒಪ್ಕೊಂಡ ಮೊದಲನೇ ರೈಟರ್ ನೀವೇ,” ಎಂದರು. “ಮಾಡಿ ನೋಡ್ದೇ ನಂಗೂ ಗೊತ್ತಾಗಲ್ಲ. ಭಾನುವಾರ ಮನೆಗೆ ಬನ್ನಿ, ಅಪ್ಪ ಇರ್ತಾರೆ.”

ಹೋದೆ ಪುಟ್ಟಿ. ಅವರಪ್ಪ ಬಾಗಿಲು ತೆರೆದವರೇ, ಅಳಿಯಂದಿರೇ ಎಂದು ನನ್ನನ್ನು ತಬ್ಬಿಕೊಂಡ ರಭಸಕ್ಕೆ ಎದುರಿನ ಲೈಟುಕಂಬ ಬುಡಸಮೇತ ಎದ್ದು... ಅರೆ, ಲ್ಯಾಪ್‌ಟಾಪ್ ಎತ್ತಿಕೊಂಡು ಎಲ್ಲಿಗೆ?

“ಚಿಕ್ಕಮ್ಮ, ನಿಮ್ಮ ಹೊಲಿಗೆ ಮಷೀನು ಎಲ್ಲಿಟ್ಟಿದ್ದೀರ? ಸ್ಯಾಂಪಲ್ ಈಗ್ಲೇ ಬರೀತೀನಿ.”

“ಬಾ, ತೋರಿಸ್ತೀನಿ. ಆ ಕಂಬ ಬೀಳೋಕೆ ಇನ್ನೂ ಹೊತ್ತಿದೆ.”

ಇಬ್ಬರೂ ಕೇಳಿಸಿಕೊಂಡು ಹೋಗಿ, ಮುಖ್ಯವಾದದ್ದು ಇನ್ನು ಮುಂದೆಯೇ ಇರುವುದು, ಆ ಕಂಬ ಇದೆಯಲ್ಲ, ಅದು ನೆಟ್ಟಗೆ ಹೋಗಿ...