ಮ್ಯಾನೇಜರರ ದನಿಯಲ್ಲಿ ಬಂದ ಕರೆ

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಉಳಿತಾಯ ಬ್ಯಾಂಕಿನ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಯಾರೋ ಶಾಖೆಯ ಫೋನಿನಿಂದ ತಮ್ಮ ದನಿಯಲ್ಲಿ ಗ್ರಾಹಕರೊಬ್ಬರಿಗೆ ಕರೆ ಮಾಡಿ, ಹಣ ತೆಗೆಯಲು ಹೇಳಿದ್ದಾರೆ. ಸುದ್ದಿ ಹಬ್ಬಿ ಜನ ಮುಗಿಬಿದ್ದಿದ್ದಾರೆ.

ಇದೂ ಸೇರಿ ನಷ್ಟದಲ್ಲಿದ್ದ ನಾಲ್ಕು ಪ್ರಾದೇಶಿಕ ಉಳಿತಾಯ ಬ್ಯಾಂಕುಗಳನ್ನು ಒಂದುಗೂಡಿಸುವ ಮಾತುಕತೆ ಗುಟ್ಟಾಗಿ ನಡೆದಿತ್ತು. ಈಗ ಗುಟ್ಟು ಬೀದಿಗೆ ಬಿದ್ದು, ಶಾಖೆ ಹಣ ಕೊಡುವುದನ್ನೇ ನಿಲ್ಲಿಸಿತ್ತು. ಬಡ್ಡಿ ಇಳಿದಷ್ಟೂ ಗ್ರಾಹಕರ ಬಿ.ಪಿ. ಏರಿತ್ತು.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ನಮ್ಮ ಕ್ಲರ್ಕ್. ಬೀಳ್ಕೊಡುಗೆ ಸಮಾರಂಭದಲ್ಲೆಲ್ಲ ನನ್ನ ಹಾಗೆ ಮಾತಾಡಿ ಚಪ್ಪಾಳೆ ಗಿಟ್ಟಿಸ್ತಾನೆ."

ಎಫ್.ಐ.ಆರ್. ದಾಖಲಾಯಿತು. ಶಾಖೆಯಲ್ಲಿ ಪಂಚನಾಮೆ ನಡೆಯಿತು. ಫೋನು ಹೊರಗಿನ ಮೇಜಿನ ಮೇಲಿತ್ತು. ಯಾರ ಕೈಗೂ ಎಟುಕುವಂತಿತ್ತು. ಕಾನ್‌ಸ್ಟೇಬಲ್ ಸಾಲಿನಲ್ಲಿ ನಿಂತವರನ್ನು ವಿಚಾರಿಸಿದ. ಕ್ಷೌರಿಕನಿಗೆ ದರ್ಜಿ ಹೇಳಿದ್ದ. ದರ್ಜಿಗೆ ಪಕ್ಕದ ಮನೆಯ ಹೆಂಗಸು. ಆಕೆಗೆ ಮ್ಯಾನೇಜರರ ಬೀಗಿತ್ತಿ. ಆ ಕರೆ ಹೋದದ್ದು ತಮ್ಮ ಮಗಳ ಅತ್ತೆಗೆ ಎಂಬುದನ್ನು ಮ್ಯಾನೇಜರ್ ದೂರಿನಲ್ಲಿ ಬರೆದಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಅಂದ್ರು," ಎಂದರು ಬೀಗಿತ್ತಿ. "ಅದಕ್ಕೇ ನಾನು ನಾಲ್ಕೇ ಜನಕ್ಕೆ ಹೇಳಿದ್ದು!"

ಕ್ಲರ್ಕ್ ಠಾಣೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ. ಪ್ರಕರಣ ಮೈಮೇಲೆ ಬಂದರೆ ಹೊಸ ಬ್ಯಾಂಕು ಅವನನ್ನು ತೆಗೆದುಕೊಳ್ಳುವುದಿಲ್ಲ. ಹೆಂಡತಿ ತುಂಬಿದ ಬಸುರಿ.

ಇನ್ಸ್‌ಪೆಕ್ಟರ್ ಬೀಗಿತ್ತಿಗೆ ಫೋನು ಹಚ್ಚಿ ಅವನ ಕೈಗಿತ್ತರು. "ಮಾಡಪ್ಪ, ನಿಮ್ಮ ಸಾಹೇಬ್ರ ಹಾಗೆ."

"ಏನ್ರೀ, ತಲೆ ನೆಟ್ಟಗಿದೆಯಾ? ನಿಮ್ಮ ಹಣಕ್ಕೆ ನಾನಿದ್ದೀನಿ! ಮುಂದಿನವರು ಬನ್ನಿ!"

ದನಿ ಎಷ್ಟು ತದ್ರೂಪವಾಗಿತ್ತೆಂದರೆ ಕಾನ್‌ಸ್ಟೇಬಲ್ ಎದ್ದು ನಿಂತುಬಿಟ್ಟ.

"ಯಾರ್ರೀ ಇದು, ಹೀಗೆ ಗದರೋದು?" ಆ ಕಡೆಯಿಂದ ಬೀಗಿತ್ತಿ ರೇಗಿದರು. "ನಮ್ಮ ಬೀಗರು ನನ್ನ ಹತ್ರ ದನಿ ಎತ್ತಿದವರೇ ಅಲ್ಲ. ನಿನ್ನೆಯೂ 'ತಾವು... ತಪ್ಪು ತಿಳೀಬಾರ್ದು' ಅಂತ ಅಳೋ ಹಾಗೇ ಮಾತಾಡಿದ್ರು."

"ಹಾಗೆ ಮಾಡು ನೋಡೋಣ," ಎಂದರು ಇನ್ಸ್‌ಪೆಕ್ಟರ್.

ಕ್ಲರ್ಕ್ ಎರಡು ಸಲ ಬಾಯಿ ತೆರೆದ, ಆಗಲಿಲ್ಲ. "ಕೇಳಿದ್ರೆ ತಾನೇ ಸಾರ್ ಬರೋದು? ನಮ್ಮ ಹತ್ರ ಅವರು ಒಂದಿನಾನೂ ಮೆತ್ತಗೆ ಮಾತಾಡಿಲ್ಲ."

ಸಂಜೆ ಮ್ಯಾನೇಜರರನ್ನು ಕರೆಸಲಾಯಿತು.

"ಬೀಗಿತ್ತಿಗೆ ಕರೆ ಮಾಡಿದ್ದು ಯಾರು?"

ಮ್ಯಾನೇಜರ್ ಬಾಗಿಲ ಕಡೆ ನೋಡಿದರು.

"ಕ್ಲರ್ಕ್ ಹೊರಗೇ ಕೂತಿದ್ದಾನೆ. ಕರೆಸ್ಲಾ?"

"ಬೇಡ. ನಾನೇ."

ಮಗಳ ಮದುವೆಯ ವರ್ಷ ಬೀಗರ ನಿವೃತ್ತಿಯ ಹಣವನ್ನೆಲ್ಲ ತಮ್ಮ ಶಾಖೆಗೆ ತಂದವರು ಅವರೇ. ಅದು ಮುಳುಗಿದರೆ ಮಗಳಿಗೆ ಆ ಮನೆಯಲ್ಲಿ ತುತ್ತು ತುತ್ತಿಗೂ ಮಾತು. ಕೌಂಟರಿನಲ್ಲಿ ಎಲ್ಲರಿಗೂ ಧೈರ್ಯ ಹೇಳಿ, ಫೋನಿನಲ್ಲಿ ಒಂದೇ ಮನೆಗೆ ನಿಜ ಹೇಳಿದ್ದರು. ಪ್ರಧಾನ ಕಚೇರಿ ಕಾರಣ ಕೇಳಿದಾಗ ಕ್ಲರ್ಕ್‌ನ ಪ್ರತಿಭೆ ನೆನಪಾಗಿತ್ತು.

ಸುಳ್ಳು ದೂರು, ಗೋಪ್ಯ ಮಾಹಿತಿ ಸೋರಿಕೆಯ ಆರೋಪದ ಮೇಲೆ ಬಂಧನವಾಯಿತು. ಕ್ಲರ್ಕ್ ಹೊರಡುವಾಗ, ಅಭ್ಯಾಸಬಲದಿಂದ, "ಬರ್ತೀನಿ ಸಾರ್," ಎಂದ. ಮ್ಯಾನೇಜರ್ ಗೋಡೆಯ ಕಡೆ ತಿರುಗಿದರು.

"ಬಂಧನದ ವಿಷಯ ಮನೆಯವರಿಗೆ ತಿಳಿಸ್ಲೇಬೇಕು. ಮಗಳಿಗೆ ಹೇಳ್ಲಾ?"

"ಹೆಂಡತಿಗೆ ಹೇಳಿ ಸಾರ್. ಮಗಳಿಗೆ ಬೇಡ."

"ಯಾಕೆ?"

ಅವರು ತಲೆ ಎತ್ತಲಿಲ್ಲ. "ಬೀಗರ ಮನೇಲಿ... ಎಲ್ಲರೂ ಸ್ಪೀಕರ್ ಹಾಕ್ಕೊಂಡೇ ಮಾತಾಡ್ತಾರೆ."